ಉಡುಪಿಯಿಂದ ಚಿತ್ರದುರ್ಗಕ್ಕೆ, ಆಗುಂಬೆ ದಾರಿಯಲ್ಲಿ

ಮಳೆಗಾಲದಲ್ಲಿ ಆಗುಂಬೆ ನೋಡಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಆಗುಂಬೆಯಲ್ಲೇ ವಾಪಸ್ ತಿರುಗಬೇಡಿ. ಉಡುಪಿಯಲ್ಲಿ ಬೆಳಿಗ್ಗೆ ಬೇಗ ಹೊರಟು ಹೆಬ್ರಿ, ಸೋಮೇಶ್ವರ, ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗ ದಾಟಿ ಚಿತ್ರದುರ್ಗದವರೆಗೂ ಹೋಗಿ. ಸುಮಾರು 250 ಕಿ.ಮೀ. ಮಳೆ ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದು ಈ ದಾರಿಯಲ್ಲಿ ಕಣ್ಣಿಗೇ ಕಾಣುತ್ತದೆ.

ನಾವು ಹೋಗಿದ್ದು ಜುಲೈಯಲ್ಲಿ, ಪುನರ್ವಸು ಮಳೆ ಹಿಡಿದಿದ್ದಾಗ. ಸೋಮೇಶ್ವರದವರೆಗೆ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಘಾಟಿಯ ಮೊದಲ ತಿರುವುಗಳಲ್ಲೇ ಅದರ ವರಸೆ ಬದಲಾಯಿತು. ವೈಪರ್ ಜೋರಾಗಿ ಓಡುತ್ತಿದ್ದರೂ ಎದುರಿನ ಬಸ್ಸಿನ ಲೈಟು ಮಾತ್ರ ಕಾಣುತ್ತಿತ್ತು. ಗಾಜಿನ ಒಳಗಡೆಯೂ ಮಂಜು ಕಟ್ಟುತ್ತದೆ, ಏಸಿ ಗಾಳಿಯನ್ನು ಗಾಜಿಗೆ ತಿರುಗಿಸಿಕೊಳ್ಳಿ.

ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿಗೆ ಇಲ್ಲಿ ಬೆಟ್ಟ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರಲೇಬೇಕು. ಏರಿದಷ್ಟೂ ತಣ್ಣಗಾಗಿ ನೀರು ಸುರಿಸುತ್ತದೆ. ಆಗುಂಬೆಯ ವಾರ್ಷಿಕ ಮಳೆ 7,000 ಮಿ.ಮೀ. ದಾಟುವುದು ಹೀಗೆ. ತೀರ್ಥಹಳ್ಳಿ ದಾಟಿದ ಮೇಲೆ ಮಳೆ ಸಣ್ಣಗಾಗುತ್ತಾ ಹೋಯಿತು. ಶಿವಮೊಗ್ಗದಲ್ಲಿ ಬರೀ ಮೋಡ. ಚಿತ್ರದುರ್ಗದಲ್ಲಿ ಧೂಳು! ಮಜಾ ಏನೆಂದರೆ, ಆಗುಂಬೆ ಇರುವುದು ಸುಮಾರು 640 ಮೀಟರ್ ಎತ್ತರದಲ್ಲಿ, ಚಿತ್ರದುರ್ಗ 730ರ ಆಸುಪಾಸು. ಅಂದರೆ ಎತ್ತರವೊಂದೇ ಸಾಲದು, ಗಾಳಿಗೆ ಎದುರಾಗಿ ನಿಂತಿರಬೇಕು. ಹಿಂದಿದ್ದವರಿಗೆ ಹಿಂಡಿ ಉಳಿದ ಗಾಳಿಯೇ ಗತಿ.

ಜಾಗ ಬೆಟ್ಟದ ಲೆಕ್ಕವಾದರೆ, ಯಾವ ವರ್ಷ ಎಷ್ಟು ಅನ್ನುವುದು ಬಹುಪಾಲು ಸಮುದ್ರದ ಲೆಕ್ಕ. ಶಾಂತ ಸಾಗರದ ನಡು ಮತ್ತು ಪೂರ್ವ ಭಾಗ ಮಾಮೂಲಿಗಿಂತ ಬಿಸಿಯಾದರೆ ಅದು ಎಲ್ ನಿನೊ. ಆಗ ನಮ್ಮ ಮುಂಗಾರು ಸೊರಗುವ ಸಾಧ್ಯತೆ ಜಾಸ್ತಿ. ಹಾಗಂತ ಟಿವಿಯಲ್ಲಿ ಎಲ್ ನಿನೊ ಅಂದ ತಕ್ಷಣ ಬುಕಿಂಗ್ ರದ್ದು ಮಾಡಬೇಡಿ. 1997ರಲ್ಲಿ ಭಾರೀ ಎಲ್ ನಿನೊ ಇತ್ತು, ದೇಶದ ಮಳೆ ಮಾತ್ರ ಸರಿಯಾಗೇ ಬಂತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ಬಿಸಿಯಾಗಿದ್ದದ್ದು ಆಗ ಕೈಹಿಡಿಯಿತು ಅನ್ನುತ್ತಾರೆ. 2023ರ ಎಲ್ ನಿನೊದಲ್ಲಿ ಜುಲೈ ಚೆನ್ನಾಗಿ ಸುರಿದು ಆಗಸ್ಟ್ ಕೈಕೊಟ್ಟಿತು. ದೇಶಕ್ಕೆ 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಅಂಥ ವರ್ಷದಲ್ಲೂ ಘಟ್ಟದ ಮೇಲೆ ನೆನೆಯುವುದು ತಪ್ಪುವುದಿಲ್ಲ. ಪೆಟ್ಟು ಬೀಳುವುದು ಬಯಲುಸೀಮೆಯ ರೈತನಿಗೆ.

ಲಾ ನಿನಾ ಇದರ ಉಲ್ಟಾ. 2022 ಅಂಥ ವರ್ಷ. ಆ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಅದಕ್ಕೂ ಮೊದಲು ಬಿದ್ದಿದ್ದು 1933ರಲ್ಲಿ! ಚಿತ್ರದುರ್ಗದಿಂದ ಹಿರಿಯೂರು ದೂರವೇನಲ್ಲ, ಸಮಯ ಇದ್ದರೆ ಅಣೆಕಟ್ಟು ನೋಡಿಕೊಂಡೇ ಬನ್ನಿ.

ದಿನ ಗೊತ್ತು ಮಾಡುವಾಗ ತಿಂಗಳ ಮೊದಲೇ ಹವಾಮಾನ ನೋಡಿ ಪ್ರಯೋಜನವಿಲ್ಲ. ಮುಂಗಾರು ಕೆಲವು ದಿನ ಹೊಡೆದು ಕೆಲವು ದಿನ ಬಿಡುವು ಕೊಡುತ್ತದೆ, ಆಗಸ್ಟಿನಲ್ಲಂತೂ ಈ ಬಿಡುವು ಉದ್ದ ಆಗುವುದುಂಟು. ಹೊರಡುವ ಮೂರ್ನಾಲ್ಕು ದಿನ ಮುಂಚೆ ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆ ನೋಡಿ. ರೆಡ್ ಅಲರ್ಟ್ ಇದ್ದರೆ ಸುಮ್ನೆ ಮನೆಯಲ್ಲಿರಿ. ಗುಡ್ಡ ಕುಸಿದರೆ ಘಾಟಿ ಬಂದ್ ಆಗುತ್ತದೆ, ಬಾಳೆಬರೆ ಘಾಟಿ ಸುತ್ತಬೇಕಾಗುತ್ತದೆ. ಭಾರೀ ವಾಹನಗಳಿಗಂತೂ ಮಳೆಗಾಲದಲ್ಲಿ ಆಗಾಗ ನಿಷೇಧ ಇರುತ್ತದೆ, ದೊಡ್ಡ ಬಸ್ ಮಾಡಿಕೊಂಡು ಬರುವವರು ಮೊದಲೇ ವಿಚಾರಿಸಿ.

ಆಗುಂಬೆಯ ಗಾಳಿಗೆ ಕೊಡೆ ನಿಲ್ಲದು, ರೈನ್‌ಕೋಟೇ ಬೇಕು. ಕಾಡಿನೊಳಗೆ ಕಾಲಿಟ್ಟರೆ ಇಂಬಳ ಗ್ಯಾರಂಟಿ, ಉಪ್ಪು ಜೇಬಲ್ಲಿರಲಿ. ಸೂರ್ಯಾಸ್ತದ ಕಟ್ಟೆಯಿಂದ ಜುಲೈಯಲ್ಲಿ ಕಾಣುವುದು ಬಿಳಿ ಮೋಡ ಮಾತ್ರ. ಸೂರ್ಯನೇ ಬೇಕು ಅಂದರೆ ನವೆಂಬರ್ ಕಳೆದು ಬನ್ನಿ. ಚಿತ್ರದುರ್ಗದ ಕೋಟೆ ಹತ್ತುವ ಆಸೆಯಿದ್ದರೆ ಜುಲೈಯೇ ವಾಸಿ. ಅಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಆಗ ಬಂಡೆ ಜಾರುತ್ತದೆ.