ಹದಿನಾರನೇ ರಸ್ತೆಯ ಬೆಂಚು

ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ಮಗಳ ಮನೆ ಇರುವ ಬೆಂಟನ್‌ವಿಲ್‌ನಿಂದ ಲಿಟಲ್ ರಾಕ್‌ಗೆ ಕಾರಿನಲ್ಲಿ ಮೂರು ಗಂಟೆಗೂ ಮೀರಿದ ದಾರಿ. “ಅಷ್ಟು ದೂರ ಹೋಗಿ ಒಂದು ಹೈಸ್ಕೂಲ್ ನೋಡ್ಬೇಕಾ ಅಮ್ಮ?” ಅಂದಳು ಮಗಳು. ಮೂವತ್ತೊಂದು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ಸೆಂಟ್ರಲ್ ಹೈಸ್ಕೂಲನ್ನು ನೋಡದೆ ಊರಿಗೆ ಮರಳಲು ಮನಸ್ಸು ಒಪ್ಪಲಿಲ್ಲ.

ಎದುರಿಗೆ ನಿಂತಾಗ ಮಾತೇ ಹೊರಡಲಿಲ್ಲ. ಶಾಲೆಯೋ ಅರಮನೆಯೋ! ಬಿಳಿಯರ ಮಕ್ಕಳಿಗೆಂದು 1927ರಲ್ಲಿ 15 ಲಕ್ಷ ಡಾಲರ್ ಸುರಿದು ಕಟ್ಟಿದ್ದು. ಎರಡು ವರ್ಷದ ಮೇಲೆ ಕಪ್ಪು ಮಕ್ಕಳಿಗೆಂದು ಡನ್‌ಬಾರ್ ಹೈಸ್ಕೂಲ್ ಕಟ್ಟಿದಾಗ ತೆಗೆದದ್ದು 4 ಲಕ್ಷ. ಸೆಂಟ್ರಲ್‌ನ ಹೆಬ್ಬಾಗಿಲ ಮೇಲೆ ನಾಲ್ಕು ಮೂರ್ತಿಗಳಿವೆ. ಒಂದರ ಹೆಸರು ‘ಅವಕಾಶ’. ಅದನ್ನು ಓದಿ ಹೊಟ್ಟೆಯಲ್ಲಿ ಸಂಕಟವಾಯಿತು.

ಬಣ್ಣ ನೋಡಿ ಬೇರೆ ಶಾಲೆಗೆ ಹಾಕುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು 1954ರಲ್ಲೇ ಹೇಳಿತ್ತು. 1957ರ ಸೆಪ್ಟೆಂಬರಿನಲ್ಲಿ ಒಂಬತ್ತು ಕಪ್ಪು ಮಕ್ಕಳು ಇಲ್ಲಿಗೆ ಬರಬೇಕಿತ್ತು. ಅವರನ್ನು ತಡೆಯಲು ರಾಜ್ಯದ ಗವರ್ನರ್ ಫಾಬಸ್ ಬಂದೂಕು ಹಿಡಿದ ನ್ಯಾಷನಲ್ ಗಾರ್ಡ್ ಪಡೆಯನ್ನು ತಂದು ನಿಲ್ಲಿಸಿದ. ಮಕ್ಕಳೆಲ್ಲ ಒಂದೆಡೆ ಸೇರಿ ಒಟ್ಟಿಗೆ ಹೋಗಲಿ ಎಂದು ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಡೈಸಿ ಬೇಟ್ಸ್ ಹಿಂದಿನ ರಾತ್ರಿ ಮನೆಮನೆಗೆ ಸುದ್ದಿ ಮುಟ್ಟಿಸಿದರು. ಆ ಒಂಬತ್ತರಲ್ಲಿ ಒಬ್ಬಳಾದ ಎಲಿಜಬೆತ್ ಎಕ್‌ಫರ್ಡ್ ಮನೆಯಲ್ಲಿ ಫೋನ್ ಇರಲಿಲ್ಲ, ಸುದ್ದಿ ಮುಟ್ಟದೆ ಒಬ್ಬಳೇ ಬಂದಳು.

ಇದನ್ನು ಕೇಳಿದಾಗ ನನಗೆ ನಮ್ಮ ಹಳ್ಳಿಗಾಡಿನ ಮಕ್ಕಳು ನೆನಪಾದರು. ದಿಢೀರನೆ ರಜೆ ಕೊಟ್ಟ ದಿನ ಸುದ್ದಿ ಮುಟ್ಟದೆ ಮೂರು ಮೈಲಿ ನಡೆದು ಬಂದು ಗೇಟಿನ ಮುಂದೆ ನಿಂತಿರುತ್ತಿದ್ದರು. ಮನೆಗೆ ಹೋಗ್ರೋ ಅಂದರೆ ಕುಣಿದುಕೊಂಡು ಹೋಗುತ್ತಿದ್ದರು. ಎಲಿಜಬೆತ್‌ಗೆ ಹದಿನೈದು ವರ್ಷ. ತಾನೇ ಹೊಲಿದುಕೊಂಡಿದ್ದ ಬಟ್ಟೆ, ಬಿಳಿ ಲಂಗದ ಕೆಳಗೆ ಚೌಕುಳಿ ಅಂಚು. ಬಿಳಿಯ ಹುಡುಗರನ್ನು ಒಳಗೆ ಬಿಟ್ಟ ಸಿಪಾಯಿಗಳು ಇವಳಿಗೆ ಅಡ್ಡ ನಿಂತರು. ಹಿಂದೆ ಗುಂಪು ಬೈಯುತ್ತಾ ಬೆನ್ನಟ್ಟಿತು. ಓಡಲಿಲ್ಲ ಮಗು. ಹದಿನಾರನೇ ರಸ್ತೆಯ ಮೂಲೆಯ ಬಸ್‌ಸ್ಟಾಪಿನವರೆಗೆ ನಡೆದು ಬೆಂಚಿನ ಮೇಲೆ ಕೂತಳು. ಗ್ರೇಸ್ ಲಾರ್ಚ್ ಎಂಬ ಬಿಳಿಯ ಹೆಂಗಸು ಜೊತೆಯಲ್ಲಿ ಬಸ್ ಹತ್ತಿದರು. ಎಲಿಜಬೆತ್ ಮನೆಗೆ ಹೋಗಲಿಲ್ಲ, ಅಮ್ಮ ಕೆಲಸ ಮಾಡುವಲ್ಲಿಗೆ ಹೋದಳು.

ಆ ಮೂಲೆಯಲ್ಲಿ ಈಗ ಅಂಥದ್ದೇ ಒಂದು ಬೆಂಚಿದೆ, 2018ರಲ್ಲಿ ವಿದ್ಯಾರ್ಥಿಗಳೇ ಮುಂದೆ ನಿಂತು ಮಾಡಿಸಿದ್ದು. ಶಾಲೆಯ ಬಾಗಿಲಿನಿಂದ ಅಲ್ಲಿಯವರೆಗೆ ನಡೆದೆ. ನನ್ನ ಮಂಡಿನೋವಿಗೆ ದೂರವೇ ಅನ್ನಿಸಿತು. ಕೂತುಕೊಳ್ಳಲು ಯಾಕೋ ಮನಸ್ಸು ಬರಲಿಲ್ಲ, ಬೆನ್ನುಹಲಗೆ ಹಿಡಿದು ನಿಂತೆ. ಮಗಳು ಏನೂ ಕೇಳದೆ ನೀರಿನ ಬಾಟಲಿ ಕೊಟ್ಟಳು.

ಅಧ್ಯಕ್ಷ ಐಸನ್‌ಹೋವರ್ ಸೈನ್ಯ ಕಳಿಸಿದ ಮೇಲೆ ಒಂಬತ್ತೂ ಮಕ್ಕಳು ಒಳಗೆ ಹೋದದ್ದನ್ನು ಪಾಠದಲ್ಲಿ ಹೇಳಿದ್ದೇನೆ. ಮುಂದಿನ ವರ್ಷದ್ದು ನನಗೆ ಗೊತ್ತಿರಲಿಲ್ಲ. ಕಪ್ಪು ಮಕ್ಕಳನ್ನು ಸೇರಿಸುವ ಬದಲು ಊರಿನ ನಾಲ್ಕೂ ಹೈಸ್ಕೂಲುಗಳನ್ನು 1958–59ರಲ್ಲಿ ಇಡೀ ವರ್ಷ ಮುಚ್ಚಿಬಿಟ್ಟರು. ಸುಮಾರು 3,700 ಮಕ್ಕಳಿಗೆ ಶಾಲೆ ಇಲ್ಲ. ಆದರೆ ಕರಾರಿನ ಪ್ರಕಾರ ಮೇಷ್ಟ್ರುಗಳು ದಿನಾ ಬರಬೇಕು! ಬಂದು ಖಾಲಿ ಕೊಠಡಿಗಳಲ್ಲಿ ಕೂತು ಹೋಗುತ್ತಿದ್ದರು. ಫುಟ್‌ಬಾಲ್ ಪಂದ್ಯ ಮಾತ್ರ ನಿಲ್ಲಲಿಲ್ಲ. ಕೊನೆಗೆ ಶಾಲೆಗಳ 44 ಮಂದಿ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲು ಹೊರಟಾಗ ಊರಿನವರೇ ಎದ್ದು ಮತ ಹಾಕಿ, ತೆಗೆಯಹೊರಟ ಶಾಲಾ ಮಂಡಳಿ ಸದಸ್ಯರನ್ನು ಕೆಳಗಿಳಿಸಿದರು.

ಬೇಸಿಗೆ ರಜೆಯಲ್ಲಿ ಮೌಲ್ಯಮಾಪನದ ಕೆಲಸಕ್ಕೆ ಹೋದಾಗ ಖಾಲಿ ಕೊಠಡಿಯಲ್ಲಿ ಒಂದು ಗಂಟೆ ಕೂರುವುದೇ ನನಗೆ ಕಷ್ಟವಾಗುತ್ತಿತ್ತು. ಗೋಡೆ, ಬೋರ್ಡು, ಉಳಿದ ಸೀಮೆಸುಣ್ಣದ ತುಂಡು. ಒಂದು ವರ್ಷ ಹೇಗೆ ಕೂತಿದ್ದರೋ.

ನಾವು ಕಾರಿನ ಹತ್ತಿರ ಬರುವ ಹೊತ್ತಿಗೆ ಶಾಲೆ ಬಿಟ್ಟಿತು. ಕಪ್ಪು, ಬಿಳಿ, ನಮ್ಮಂಥ ಬಣ್ಣದ ಮಕ್ಕಳೂ ಬ್ಯಾಗು ನೇತುಹಾಕಿಕೊಂಡು ಮೆಟ್ಟಿಲಿಳಿದರು. ಕಂಕುಳಲ್ಲಿ ಪೇಪರಿನ ಕಟ್ಟು ಹಿಡಿದಿದ್ದ ಒಬ್ಬ ಮೇಡಂ ಬಾಗಿಲು ಮುಚ್ಚಿಕೊಳ್ಳದಂತೆ ಕಾಲು ಅಡ್ಡ ಕೊಟ್ಟು ನಿಂತಿದ್ದರು. ಕೊನೆಯ ಹುಡುಗ ಹೊರಗೆ ಬರುವವರೆಗೂ ನಾನು ಅಲ್ಲೇ ನಿಂತು ನೋಡಿದೆ.