ಹಡ್ಸನ್ ಚರ್ಚಿನಲ್ಲಿ ಒಂದು ಭಾನುವಾರ

ಸಾಗರದಿಂದ ಬೆಂಗಳೂರಿಗೆ ಹೋಗಿದ್ದು ನೆಂಟರ ಮದುವೆಗೆ. ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ, ಹೋಳಿಗೆ ಮಾತ್ರ ಚೆನ್ನಾಗಿತ್ತು. ಮಾರನೇ ದಿನ ಭಾನುವಾರ, ರಾತ್ರಿ ಬಸ್ಸಿನ ತನಕ ಬಿಡುವು. ನನಗೆ ಚರ್ಚಿಗೆ ಹೋಗಬೇಕಿತ್ತು.

ನಾನು ಕ್ರೈಸ್ತನಲ್ಲ. ಆದರೆ ಅಮೆರಿಕದ ಕಪ್ಪು ಜನರ ಗಾಸ್ಪೆಲ್ ಹಾಡುಗಳ, ಅಂದರೆ ಅವರ ಚರ್ಚಿನ ಭಕ್ತಿಗೀತೆಗಳ ಹುಚ್ಚು ಕಾಲೇಜಿನಿಂದಲೂ ಇದೆ. ಥಾಮಸ್ ಡಾರ್ಸಿ ಅಂತ ಒಬ್ಬರಿದ್ದರು, ಬ್ಲೂಸ್ ಪಿಯಾನೋ ನುಡಿಸುತ್ತಿದ್ದವರು. 1932ರಲ್ಲಿ ಅವರು ಪರಊರಿನಲ್ಲಿದ್ದಾಗ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡರು, ಮಗುವೂ ಉಳಿಯಲಿಲ್ಲ. ಆ ಸಂಕಟದಲ್ಲಿ, ಕೈ ಹಿಡಿದು ನಡೆಸು ಅಂತ ದೇವರನ್ನು ಬೇಡುವ ಹಾಡು ಕಟ್ಟಿದರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಕ್ರಿಯೆಯಲ್ಲಿ ಗಾಸ್ಪೆಲ್ ಗಾಯಕಿ ಮಹಾಲಿಯಾ ಜಾಕ್ಸನ್ ಹಾಡಿದ್ದು ಅದನ್ನೇ. ನಮ್ಮ ಅಪ್ಪ ತೀರಿಕೊಂಡ ವರ್ಷ ನಾನು ಅದನ್ನು ಎಷ್ಟು ಸಲ ಕೇಳಿದೆನೋ! ದೇವರನ್ನು ನಂಬದವನಿಗೆ ಅದು ಯಾಕೆ ಬೇಕಾಯಿತು ಅಂತ ಕೇಳಬೇಡಿ.

ಮದುವೆ ಮುಗಿದ ಸಂಜೆ ನೆಂಟರ ಹುಡುಗನೊಬ್ಬ 'ಗಾಸ್ಪೆಲ್ ಅಲ್ವಾ, ಬನ್ನಿ' ಅಂತ ಒಂದು ದೊಡ್ಡ ಹಾಲಿಗೆ ಕರೆದುಕೊಂಡು ಹೋದ. ಹೆಸರು ಬೇಡ. ಹೊಗೆ, ಬಣ್ಣದ ಲೈಟು, ಎದೆ ನಡುಗಿಸುವ ಡ್ರಮ್ಸ್. ಸುಮ್ನೆ ಎದ್ದು ಬಂದೆ.

ಭಾನುವಾರ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಆಟೋದವನು ಹಡ್ಸನ್ ಸರ್ಕಲ್ಲಿಗೆ ಕೇಳಿದ ದುಡ್ಡು ನೆನೆಸಿಕೊಂಡರೆ ಈಗಲೂ ಉರಿಯುತ್ತದೆ. ಕೊಟ್ಟೆ, ಹೊತ್ತಾಗಿತ್ತು. ನೀವು ಹೋಗುವುದಾದರೆ ಕಾರ್ಪೊರೇಷನ್ ಕಡೆಗೆ ಹೋಗುವ ಬಿಎಂಟಿಸಿ ಬಸ್ಸು ಹತ್ತಿ, ಬೇಕಾದಷ್ಟಿವೆ.

ಹಡ್ಸನ್ ಸ್ಮಾರಕ ಚರ್ಚ್ 1904ರ ಕಲ್ಲಿನ ಕಟ್ಟಡ. ವೆಸ್ಲಿಯನ್ ಎಂಬ ಪ್ರೊಟೆಸ್ಟಂಟ್ ಪಂಗಡದ ಮಿಷನರಿ ಜೋಸಯ್ಯ ಹಡ್ಸನ್ ಅವರ ನೆನಪಿಗೆ ಕಟ್ಟಿದ್ದು. ಆರಾಧನೆ ಕನ್ನಡದಲ್ಲಿ, ನಾನು ಇದನ್ನೇ ಆರಿಸಿಕೊಂಡಿದ್ದು ಅದಕ್ಕೇ. ಮೊದಲ ಹಾಡು ಇಂಗ್ಲಿಷ್ ಧಾಟಿಯದು. ನಿಧಾನ, ಗಂಭೀರ, ನನಗೆ ಸ್ವಲ್ಪ ಸಪ್ಪೆ. ಆಮೇಲೆ ತಬಲಾ ಶುರುವಾಯಿತು. ನಮ್ಮದೇ ಧಾಟಿಯ ಕೀರ್ತನೆ! ಪಲ್ಲವಿಯನ್ನು ಒಬ್ಬರು ಎತ್ತಿದರು, ಉಳಿದವರು ಹಿಡಿದರು. ಗಾಸ್ಪೆಲ್‌ನಲ್ಲೂ ಹೀಗೇ, ನಮ್ಮೂರಿನ ಶನಿವಾರದ ಭಜನೆಯಲ್ಲೂ ಹೀಗೇ. ನನ್ನ ಮುಂದಿದ್ದವರಿಗೆ ಶ್ರುತಿಯೇ ಇರಲಿಲ್ಲ. ಆದರೂ ಎಲ್ಲರ ದನಿ ಸೇರಿ ಆ ಎತ್ತರದ ಮಾಡಿಗೆ ಬಡಿದು ಇಳಿಯುವಾಗ ನನ್ನ ಗಂಟಲು ಕಟ್ಟಿತು. ಪಕ್ಕದಲ್ಲಿದ್ದ ಅಜ್ಜಿ ಏನೂ ಮಾತಾಡದೆ ತಮ್ಮ ಪುಸ್ತಕವನ್ನು ನನ್ನ ಕಡೆ ಸರಿಸಿ, ಸಾಲಿನ ಮೇಲೆ ಬೆರಳಿಟ್ಟರು.

ಆರಾಧನೆ ಮುಗಿದ ಮೇಲೆ ಹೊರಗೆ ಅವರೇ ಹಿಡಿದರು.

"ಹೊಸಬನಾ ನೀನು?"

"ಹೂಂ ಅಮ್ಮ, ಸಾಗರದವನು. ನಾನು ಕ್ರೈಸ್ತನಲ್ಲ, ಸುಮ್ನೆ ಹಾಡು ಕೇಳೋಕೆ ಬಂದೆ."

"ಕೇಳೋಕಾ? ಮತ್ತೆ ಬಾಯಿ ಯಾಕಪ್ಪಾ ಆಡ್ತಿತ್ತು?"

ನಗು ಬಂತು. ಬಹಳ ದಿನದಿಂದ ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ. "ನಂಬಿಕೆ ಇಲ್ಲದೆ ಹಾಡೋದು ತಪ್ಪಲ್ವಾ ಅಮ್ಮ?"

ಅವರು ಕಟ್ಟೆಯ ಮೇಲೆ ಕೂತರು. "ಚಿಕ್ಕವಳಿದ್ದಾಗ ಪಕ್ಕದ ಮನೆಯವರ ಹತ್ರ ದೇವರನಾಮ ಕಲ್ತಿದ್ದೆ. ಪುರಂದರದಾಸರದ್ದು. ಈಗಲೂ ಅಡುಗೆ ಮಾಡ್ತಾ ಬಾಯಿಗೆ ಬರುತ್ತೆ. ನಮ್ಮ ಯಜಮಾನ್ರು, ಚರ್ಚಿನ ಅಯ್ಯನವರಿಗೆ ಹೇಳ್ತೀನಿ ನೋಡು ಅಂತ ಹೆದರಿಸೋರು."

"ಹೇಳಿದ್ರಾ?"

"ಎಲ್ಲಿ! ಮಾರನೇ ದಿನ ಸ್ನಾನದ ಮನೇಲಿ ಅವರೇ ಅದನ್ನ ಗುನುಗ್ತಿದ್ರು."

ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ನಂಬೋದು ಬಿಡೋದು ನೀನುಂಟು, ದೇವರುಂಟು. ಆದ್ರೆ ಸಾಲಿನ ಕೊನೇಲಿ ಅಷ್ಟು ಎಳೀಬೇಡ. ನಾವೆಲ್ಲ ನಿನಗೋಸ್ಕರ ಕಾಯಬೇಕಾಗುತ್ತೆ."

ಮಧ್ಯಾಹ್ನ ಕಬ್ಬನ್ ಪಾರ್ಕ್ ಹಾದು ಮೇಯೋ ಹಾಲ್ ತನಕ ನಡೆದೆ, ಜರ್ಮನ್ ಮಿಷನರಿ ಕಿಟೆಲ್ ಅವರ ಪ್ರತಿಮೆ ನೋಡೋಣ ಅಂತ. ಎಲ್ಲರಿಗೂ ಅವರ 1894ರ ಕನ್ನಡ-ಇಂಗ್ಲಿಷ್ ನಿಘಂಟು ಗೊತ್ತು. ಯೇಸುವಿನ ಕತೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿದ 'ಕಥಾಮಾಲೆ'ಯನ್ನು ಅವರು 1862ರಲ್ಲೇ ತಂದಿದ್ದರು ಅನ್ನುವುದು ಎಷ್ಟು ಜನರಿಗೆ ಗೊತ್ತು? ಬೆಳಿಗ್ಗೆ ತಬಲಾ ಕೇಳಿ ಬೆರಗಾದವನು ನಾನೊಬ್ಬನೇ ಇರಬೇಕು. ಅಜ್ಜಿಗೆ ಅದು ಹುಟ್ಟಿದಾಗಿನಿಂದ ಮನೆಯ ಹಾಡು.

ಡಿಸೆಂಬರ್‌ನಲ್ಲಿ ಕ್ಯಾರಲ್, ಅಂದರೆ ಕ್ರಿಸ್ಮಸ್ ಹಾಡುಗಳನ್ನು ಹಾಡುತ್ತಾರೆ, ಬಾ ಅಂದಿದ್ದಾರೆ ಅಜ್ಜಿ. ರಜೆ ಕೇಳಿದ್ದೇನೆ. ಕ್ರಿಸ್ಮಸ್ ಹೊತ್ತಿಗೆ ಬಸ್ಸಿನಲ್ಲಿ ಸೀಟು ಸಿಗುವುದೇ ಕಷ್ಟ, ಈ ವಾರವೇ ಬುಕ್ ಮಾಡಬೇಕು.