ತೊಗರಿ, ದೆಹಲಿ ಮತ್ತು ಒಂದು ಹಳದಿ ಜೆರ್ಸಿ

ಕಳೆದ ಭಾನುವಾರ ಸಂಜೆ ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ನಮ್ಮ ಮಾಮೂಲು ಚಹಾದ ಅಂಗಡಿಯಲ್ಲಿ, ತಟ್ಟೆಯಲ್ಲಿನ ಸುಸ್ಲಾ ಮತ್ತು ಮಿರ್ಚಿ ಭಜಿ ಅರ್ಧಕ್ಕೆ ಬರುವ ಮೊದಲೇ, ನನ್ನ ಇಬ್ಬರು ಗೆಳೆಯರ ನಡುವೆ ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯ ಚರ್ಚೆ ಶುರುವಾಗಿ ಹೇಗೋ ಫುಟ್ಬಾಲಿಗೆ ಬಂದು ನಿಂತಿತು. ಹೇಗೋ ಎಂದೆನಾದರೂ, ಕಳೆದ ನಾಲ್ಕೈದು ವರ್ಷಗಳಿಂದ ಅವರ ಮಾತು ಎಲ್ಲಿ ಹೊರಟರೂ ಅಲ್ಲಿಗೇ ಬರುತ್ತದೆ. ಇಬ್ಬರಲ್ಲಿ ಒಬ್ಬ ವಕೀಲ, ಇನ್ನೊಬ್ಬ ದಾಲ್ ಮಿಲ್ ನಡೆಸುವವ. ಹೆಸರು ಬರೆದರೆ ಚಹಾದ ಬಿಲ್ಲು ನನ್ನ ತಲೆಗೆ ಬರುವುದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ವಕೀಲನಿಗೆ ರಾಜಕೀಯ ಪಕ್ಷವೆಂದರೆ ಮನೆದೇವರು. ಕಾಲೇಜಿನಲ್ಲಿ ಹಿಡಿದ ಬಾವುಟವನ್ನು ಆತ ಇನ್ನೂ ಇಳಿಸಿಲ್ಲ. ಪಕ್ಷ ಗೆದ್ದರೆ ಜನ ಜಾಣರು, ಸೋತರೆ ಜನರನ್ನು ದಾರಿ ತಪ್ಪಿಸಲಾಗಿದೆ. ಮಿಲ್ಲಿನವನದು ಅದಕ್ಕೆ ತದ್ವಿರುದ್ಧ. ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇದ್ದದ್ದು 2025–26ರ ಹಂಗಾಮಿಗೆ 8,000 ಆಯಿತು ಎಂಬುದನ್ನು ಬಾಯಿಪಾಠ ಒಪ್ಪಿಸುವ ಆತ, ಅದೇ ಉಸಿರಿನಲ್ಲಿ ಮೊಜಾಂಬಿಕ್‌ ಮತ್ತು ಮ್ಯಾನ್ಮಾರ್‌ಗಳಿಂದ ತೊಗರಿ ಸುಂಕವಿಲ್ಲದೆ ಬರುತ್ತಿರುವುದನ್ನೂ ಹೇಳಿ, ಹೊಲದಲ್ಲಿ ಒಂದು ದರ, ಹಡಗಿನಲ್ಲಿ ಇನ್ನೊಂದು ದರ ಇಟ್ಟುಕೊಂಡವರಿಗೆ ತನ್ನ ಮತ ಏಕೆ ಕಾಯಂ ಆಗಿರಬೇಕು ಎಂದು ಕೇಳುತ್ತಾನೆ. ಅಗ್ಗದ ಆಮದಿನಿಂದ ಮಿಲ್ಲಿಗೆ ಲಾಭವೇ ಅಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ. ಮಿಲ್ಲಿನ ಜೊತೆಗೆ ಅಫಜಲಪುರದ ಕಡೆ ಹನ್ನೆರಡು ಎಕರೆ ಹೊಲವೂ ಇದೆಯೆಂದು ನೆನಪಿಸಿದ. ಅವನು ಪ್ರತಿ ಚುನಾವಣೆಯಲ್ಲೂ ಹಳೆಯ ಖಾತೆ ಮುಚ್ಚಿ ಹೊಸದನ್ನು ತೆರೆಯುತ್ತಾನೆ.

ಫುಟ್ಬಾಲಿಗೆ ಬಂದರೆ ಇವರಿಬ್ಬರೂ ಅಂಗಿ ಬದಲಿಸಿಕೊಂಡಂತೆ ಸ್ವಭಾವವನ್ನೇ ಬದಲಿಸಿಕೊಳ್ಳುತ್ತಾರೆ. ವಕೀಲ ಬೆಂಗಳೂರು ಎಫ್‌ಸಿಯ ಕಡೆ, ಮತ್ತು ಅದಕ್ಕೆ ಅವನ ಬಳಿ ದಾಖಲೆಗಳಿವೆ: 2013ರಲ್ಲಿ ಹುಟ್ಟಿದ ಕ್ಲಬ್ಬು ಮೊದಲ ವರ್ಷವೇ ಐ-ಲೀಗ್ ಗೆದ್ದದ್ದು, 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ್ದು, 2019ರಲ್ಲಿ ಗೋವಾವನ್ನು ಸೋಲಿಸಿ ದೇಶದ ದೊಡ್ಡ ಲೀಗ್ ಆದ ಐಎಸ್‌ಎಲ್ ಪಡೆದದ್ದು. ಕೊಟ್ಟದ್ದಕ್ಕೆ ರಸೀದಿ ಇರುವ ಪ್ರೀತಿ ಅದು. ಮಿಲ್ಲಿನವನು ಹೈದರಾಬಾದ್ ಎಫ್‌ಸಿಯ ಕಡೆ. ಕಾರಣ ಕೇಳಿದರೆ ಒಂದೇ ಮಾತು: "ಬೆಂಗಳೂರು ಆರನೂರು ಕಿಲೋಮೀಟರ್ ಅದ, ಹೈದ್ರಾಬಾದ್ ಹತ್ಯಾಗ ಅದ. ಯಾವ್ದು ನಮ್ಮ ಊರು ನೀನೇ ಹೇಳು." ಬೆಂಗಳೂರಿನ ಪರವಾಗಿ ಸುನಿಲ್ ಛೆಟ್ರಿಯ ಹೆಸರು ಎತ್ತಿದರೆ, ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ ಎಂಬ ಉತ್ತರ ತಯಾರಾಗಿಯೇ ಇರುತ್ತದೆ.

ಈ "ನಮ್ಮ ಊರು" ಎಂಬ ಮಾತು ನಮ್ಮ ಭಾಗದಲ್ಲಿ ಮಿಕ್ಕ ಕಡೆಯಷ್ಟು ಸರಳವಲ್ಲ. 1950ರ ದಶಕದ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ನನ್ನ ಅಜ್ಜ "ನಮ್ಮ ಟೀಮು" ಎನ್ನುತ್ತಿದ್ದರು. 1950ರಿಂದ 54ರವರೆಗೆ ಐದು ವರ್ಷ ಸತತವಾಗಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದ ಆ ತಂಡವನ್ನು ಕಟ್ಟಿದ ಸೈಯದ್ ಅಬ್ದುಲ್ ರಹೀಮ್ ಅವರೇ ಭಾರತ ತಂಡದ ತರಬೇತುದಾರರೂ ಆಗಿದ್ದರು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಗುಲಬರ್ಗಾ, ಬೀದರ್, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ರಹೀಮ್ ಅವರ ಭಾರತ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಒಲಿಂಪಿಕ್ಸ್ ಫುಟ್ಬಾಲಿನಲ್ಲಿ ಏಷ್ಯಾದ ಯಾವ ತಂಡವೂ ಅದಕ್ಕೆ ಮೊದಲು ಅಲ್ಲಿಯವರೆಗೆ ಹೋಗಿರಲಿಲ್ಲ. ಆ ತಂಡದಲ್ಲಿ ತುಳಸೀದಾಸ್ ಬಲರಾಮ್ ಅವರಂಥ ಹೈದರಾಬಾದಿನ ಹುಡುಗರಿದ್ದರು. ಅಜ್ಜ ಆ ಸುದ್ದಿಯನ್ನು ಹೇಳುವಾಗಲೆಲ್ಲ ಒಂದು ಕಡೆ ತಡೆದು, "ಆಗ ಅವರು ನಮ್ಮವರೋ, ಅಲ್ಲೋ?" ಎಂದು ಕೇಳಿಕೊಳ್ಳುತ್ತಿದ್ದರು. ಹೈದರಾಬಾದು ಅಷ್ಟರಲ್ಲಿ ಆಂಧ್ರಪ್ರದೇಶದ ರಾಜಧಾನಿಯಾಗಿತ್ತು, ಅಜ್ಜನ ಪಡಿತರ ಚೀಟಿ ಮೈಸೂರಿನದಾಗಿತ್ತು.

ಆದ್ದರಿಂದ ಮಿಲ್ಲಿನವನ ವಾದವನ್ನು ಹಟವೆಂದು ತಳ್ಳಿಹಾಕುವುದು ನನ್ನಿಂದ ಆಗದು. 2022ರ ಮಾರ್ಚ್ 20ರ ರಾತ್ರಿ ನಾವು ಮೂವರೂ ಅವನ ಮಿಲ್ಲಿನ ಆಫೀಸಿನಲ್ಲಿ ಐಎಸ್‌ಎಲ್ ಫೈನಲ್ ನೋಡುತ್ತಿದ್ದೆವು. ಟಿವಿಯ ಮೇಲೆ, ತೂಕದ ಯಂತ್ರದ ಮೇಲೆ, ನಮ್ಮ ಹುಬ್ಬಿನ ಮೇಲೂ ತೊಗರಿ ಹೊಟ್ಟಿನ ಧೂಳು. ಕೇರಳ ಬ್ಲಾಸ್ಟರ್ಸ್ ಮುಂದಿದ್ದಾಗ 88ನೆಯ ನಿಮಿಷದಲ್ಲಿ ಹೈದರಾಬಾದ್ ಸಮ ಮಾಡಿತು. ಆಟ ಪೆನಾಲ್ಟಿಗೆ ಹೋಯಿತು. ಗೋಲಿನಲ್ಲಿ ನಿಂತವನ ಹೆಸರು ಲಕ್ಷ್ಮೀಕಾಂತ ಕಟ್ಟೀಮನಿ. ಹುಟ್ಟಿದ್ದು ಗೋವಾದಲ್ಲಾದರೂ ಕಟ್ಟೀಮನಿ ಎಂಬ ಅಡ್ಡಹೆಸರು ನಮ್ಮ ಕಡೆ ಹಳ್ಳಿಗೊಂದು ಸಿಗುತ್ತದೆ. ಆತ ಮೂರು ಹೊಡೆತ ತಡೆದ. ಹೈದರಾಬಾದ್ 3–1ರಿಂದ ಕಪ್ ಗೆದ್ದಿತು. ಮಿಲ್ಲಿನವನು ಕೈಗೆ ಸಿಕ್ಕ ತೊಗರಿಯನ್ನು ಅಕ್ಷತೆಯಂತೆ ಟಿವಿಗೆ ಎರಚಿದ. ಆ ಕಾಳುಗಳನ್ನು ಮರುದಿನ ಆರಿಸಿದ ಹಮಾಲರು ಏನೆಂದರೋ ಗೊತ್ತಿಲ್ಲ.

ಆ ಹಂಗಾಮಿನಲ್ಲಿ ಹೈದರಾಬಾದ್ ಪರ 18 ಗೋಲು ಹೊಡೆದವನು ನೈಜೀರಿಯಾದ ಬಾರ್ತಲೋಮ್ಯೂ ಒಗ್ಬೆಚೆ. "ಆಫ್ರಿಕಾದ ತೊಗರಿ ಬ್ಯಾಡ, ಆಫ್ರಿಕಾದ ಸ್ಟ್ರೈಕರ್ ಬೇಕು" ಎಂದು ವಕೀಲ ಆ ರಾತ್ರಿಯೇ ಚುಚ್ಚಿದ. ಇದಕ್ಕೆ ಇಂದಿಗೂ ಉತ್ತರ ಬಂದಿಲ್ಲ.

ನಂತರ ಬಂದದ್ದು ಕಷ್ಟದ ಕಾಲ. 2023–24ರಲ್ಲಿ ಹೈದರಾಬಾದ್ 22 ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದು ಕೊನೆಯ ಸ್ಥಾನದಲ್ಲಿ ನಿಂತಿತು. ಬೆಂಬಲ ಬೆಲೆ ಐವತ್ತು ರೂಪಾಯಿ ಕಡಿಮೆಯಾದರೆ ಸರ್ಕಾರವನ್ನೇ ಬದಲಿಸಲು ಹೊರಡುವ ಮನುಷ್ಯ ಆ ಇಡೀ ವರ್ಷ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ, ಒಮ್ಮೆಯೂ ಲೆಕ್ಕ ಕೇಳಲಿಲ್ಲ. ಅದೇ ಅವಧಿಯಲ್ಲಿ ವಕೀಲ ಬೆಂಗಳೂರಿನ ಕೋಚ್‌ನಿಂದ ಹಿಡಿದು ಹುಲ್ಲಿನವರೆಗೆ ಎಲ್ಲವನ್ನೂ ಜರೆಯುತ್ತಿದ್ದ. ಆ ನಿಷ್ಠುರತೆಯ ಕಾಲುಭಾಗವನ್ನು ಆತ ತನ್ನ ಪಕ್ಷಕ್ಕೆ ತೋರಿಸಿದ್ದರೆ ನಮ್ಮ ಚಹಾದ ಅಂಗಡಿಯ ಚರ್ಚೆಗಳು ಎಷ್ಟೋ ಸುಖವಾಗಿರುತ್ತಿದ್ದವು. ಒಬ್ಬ ಪಕ್ಷಕ್ಕೆ ಅಭಿಮಾನಿ, ತಂಡಕ್ಕೆ ಲೆಕ್ಕಪರಿಶೋಧಕ. ಇನ್ನೊಬ್ಬ ತಂಡಕ್ಕೆ ಅಭಿಮಾನಿ, ಪಕ್ಷಕ್ಕೆ ಲೆಕ್ಕಪರಿಶೋಧಕ. ನನ್ನ ಒಲವು ಎರಡನೆಯವನ ಕಡೆಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ: ಅಧಿಕಾರ ಕೊಟ್ಟವರನ್ನು ಕೇಳಲೇಬೇಕು, ಹನ್ನೊಂದು ಹುಡುಗರನ್ನು ಸ್ವಲ್ಪ ಬಿಡಬಹುದು.

ಆದರೆ 2025ರ ಅಕ್ಟೋಬರ್‌ನಲ್ಲಿ ಕ್ಲಬ್ಬೇ ಹೈದರಾಬಾದ್ ಬಿಟ್ಟು ದೆಹಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ದೆಹಲಿ ಎಂದು ಹೆಸರು ಬದಲಿಸಿಕೊಂಡಿತು. ಆ ಕ್ಲಬ್ಬು 2019ರಲ್ಲಿ ಪುಣೆ ತಂಡದ ಜಾಗಕ್ಕೆ ಬಂದದ್ದೇ ಎಂಬುದನ್ನು ವಕೀಲ ತೆಗೆದು ತೋರಿಸಿದ. ಪುಣೆಯವರು ಅತ್ತಾಗ ನೀನು ನಕ್ಕಿದ್ದೆ ಎಂದ. ಮಿಲ್ಲಿನವನು ಸಿಟ್ಟಾಗಲಿಲ್ಲ. ಅವತ್ತಿನಿಂದ ಅವನ ರಾಜಕೀಯದ ಮಾತಿಗೂ ಒಂದು ಹೊಸ ಮೊನೆ ಬಂದಿದೆ. ಕಳೆದ ಭಾನುವಾರ ವಕೀಲ, ಜನಸಂಖ್ಯೆಯ ಲೆಕ್ಕದಲ್ಲಿ ಮರುವಿಂಗಡಣೆಯಾದರೆ ಲೋಕಸಭೆಯಲ್ಲಿ ದಕ್ಷಿಣದ ದನಿ ಸಣ್ಣದಾಗುತ್ತದೆ ಎಂದು ವಿವರಿಸುತ್ತಿದ್ದಾಗ, ಇವನು ನಡುವೆ ಬಾಯಿ ಹಾಕಿ, ಕರ್ನಾಟಕದ 28ರಲ್ಲಿ ಕಲ್ಯಾಣ ಕರ್ನಾಟಕದ್ದು ಬೀದರ್‌ನಿಂದ ಬಳ್ಳಾರಿಯವರೆಗೆ ಐದೇ ಅಲ್ಲವೇ, ನಮ್ಮ ದನಿ ಯಾವಾಗ ದೊಡ್ಡದಿತ್ತು ಎಂದು ಕೇಳಿದ. ವಕೀಲ ಎಂದಿನಂತೆ 371(ಜೆ) ಹೇಳಿದ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ ಆ ವಿಧಿ ನಮ್ಮ ಮಕ್ಕಳಿಗೆ ಸೀಟು ಮತ್ತು ನೌಕರಿ ತಂದಿದೆ ಎಂಬುದನ್ನು ಮೂವರೂ ಒಪ್ಪುತ್ತೇವೆ. ವಕೀಲನ ಮಗಳು ಎಂಬಿಬಿಎಸ್ ಓದುತ್ತಿರುವುದೇ ಅದರಿಂದ.

"ಅದ್ರಾಗ ಟೀಮು ಕೊಡ್ಲಿಕ್ಕೆ ಬರ್ತದೇನು?" ಎಂದು ಮಿಲ್ಲಿನವನು ಕೇಳಿದ.

ವಕೀಲ ಗಂಭೀರವಾಗಿ, ಶಿಕ್ಷಣ ಮತ್ತು ಉದ್ಯೋಗ ಮಾತ್ರ, ಗೋಲ್‌ಕೀಪರ್ ಹುದ್ದೆ ಬರುವುದಿಲ್ಲ ಎಂದ. ಬೆಂಗಳೂರಿನ ನೀಲಿ ಜೆರ್ಸಿಯೊಂದನ್ನು ತಂದುಕೊಡುವುದಾಗಿ ಹೇಳಿದ. ಬೇಡವೆಂದು ಇವನು ಕೈ ಅಲ್ಲಾಡಿಸಿದ; ಹೈದರಾಬಾದಿನ ಹಳದಿಯದೇ ಇನ್ನೂ ಹರಿದಿಲ್ಲವಂತೆ, ಮಿಲ್ಲಿನಲ್ಲಿ ಹಾಕಿಕೊಂಡರೆ ಬೇಳೆಯ ಧೂಳು ಕಾಣುವುದಿಲ್ಲವಂತೆ. ವಕೀಲ ಬಿಲ್ಲು ಕೊಡಲು ಎದ್ದಾಗ ಇವನು ಫೋನು ತೆಗೆದ. ತೊಗರಿಯ ದರ ನೋಡುತ್ತಿದ್ದಾನೆಂದುಕೊಂಡು ನಾನು ಬಗ್ಗಿದೆ. ಪರದೆಯ ಮೇಲೆ ಇದ್ದದ್ದು ದೆಹಲಿ ತಂಡದ ಆಟಗಾರರ ಪಟ್ಟಿ.